ಬೀಚಿನ ಊರಲ್ಲಿ ಒಂದು ಸಂಜೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ದಕ್ಷಿಣ ಗೋವಾದ ಪಾಲೋಲೆಂ ಬಗ್ಗೆ ಬರೆಯುವಾಗ ಕೊನೆಗೆ ಒಂದು ಮಾತು ಸೇರಿಸಿದ್ದೆ. ಸಂಜೆ ಕೂರಬೇಕಾದ್ದು ಮರಳಿನ ಮೇಲೆ ತಾತ್ಕಾಲಿಕವಾಗಿ ಕಟ್ಟುವ ಗುಡಿಸಲು ಹೋಟೆಲಾದ ಶ್ಯಾಕ್‌ನಲ್ಲಿ ಅಲ್ಲ, ಊರೊಳಗಿನ ಸಣ್ಣ ಬಾರ್‌ನಲ್ಲಿ ಅಂತ. ಅದೊಂದು ಸಾಲಿಗೆ ಇಷ್ಟೊಂದು ಪತ್ರ ಬಂದಿವೆ. ಬೈದವರೂ ಇದ್ದಾರೆ, ಅವರಿಗೆ ನಮಸ್ಕಾರ. ಉಳಿದವುಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ತುಂಬಾ ಜನ ಕೇಳಿದ್ದರಿಂದ ಊರಿನ ಹೆಸರು ಮಾತ್ರ ಇದೆ.

ಸರ್, ನಾವು ನಾಲ್ಕು ಜನ ಗೆಳೆಯರು ಡಿಸೆಂಬರ್‌ನಲ್ಲಿ ಪಾಲೋಲೆಂಗೆ ಹೊರಟಿದ್ದೇವೆ. ನೀವು ಹೇಳಿದ ‘ಊರೊಳಗಿನ ಬಾರ್’ ಎಲ್ಲಿರುತ್ತೆ? ಅಲ್ಲಿ ಅಂಥದ್ದೇನಿದೆ? ಸಮುದ್ರ ಬಿಟ್ಟು ಗಲ್ಲಿಯಲ್ಲಿ ಕೂರೋಕೆ ಗೋವಾಗೆ ಯಾಕೆ ಹೋಗಬೇಕು? — ಹುಬ್ಬಳ್ಳಿ

ಕೊನೆಯ ಪ್ರಶ್ನೆ ಸರಿಯಾಗೇ ಇದೆ. ಸಮುದ್ರ ಬಿಡಬೇಡಿ. ಸೂರ್ಯ ಮುಳುಗೋವರೆಗೆ ಅಲ್ಲೇ ಇರಿ, ಬೇಕಿದ್ದರೆ ಒಂದು ಬಿಯರ್ ಶ್ಯಾಕ್‌ನಲ್ಲೇ ಕುಡಿಯಿರಿ. ಕತ್ತಲಾದ ಮೇಲೆ ಸಮುದ್ರ ಹೇಗೂ ಕಾಣೋದಿಲ್ಲ, ಆದರೆ ಸಮುದ್ರ ಕಾಣುವ ಕುರ್ಚಿಯ ಬಾಡಿಗೆ ಬಿಲ್‌ನಲ್ಲಿ ಹಾಗೇ ಇರುತ್ತೆ. ಆಗ ಎದ್ದು ನಡೆಯಿರಿ.

ಪಾಲೋಲೆಂನಿಂದ ಎರಡು-ಮೂರು ಕಿಲೋಮೀಟರ್ ಒಳಗೆ ಬಂದರೆ ಚಾವಡಿ ಸಿಗುತ್ತೆ. ಕಾಣಕೋಣ ತಾಲ್ಲೂಕಿನ ಪೇಟೆ ಅದು. ಬಸ್ ಸ್ಟ್ಯಾಂಡ್, ಮಾರ್ಕೆಟ್, ಔಷಧಿ ಅಂಗಡಿ, ಬ್ಯಾಂಕು ಎಲ್ಲಾ ಅಲ್ಲೇ. ಅಲ್ಲೂ, ಬೀಚ್‌ಗೆ ಬರುವ ರಸ್ತೆಯ ಒಳಗಡೆಗೂ ಸಣ್ಣ ಬಾರ್‌ಗಳಿವೆ. ಕೆಲವಕ್ಕೆ ದೊಡ್ಡ ಬೋರ್ಡೂ ಇರೋದಿಲ್ಲ. ಮನೆಯ ಮುಂದಿನ ಕೋಣೆ, ನಾಲ್ಕು ಮೇಜು, ಗೋಡೆಗೆ ಒಂದು ಶಿಲುಬೆ ಇಲ್ಲಾ ಗಣಪತಿ, ಪಕ್ಕದಲ್ಲಿ ಹಳೇ ಕ್ಯಾಲೆಂಡರ್, ಗಾಜಿನ ಕಪಾಟಿನಲ್ಲಿ ಬಾಟಲಿಗಳು. ಅಷ್ಟೇ. ಗೋವಾದವರು ತಾವೆರ್ನ ಅನ್ನೋದು ಇದಕ್ಕೇ. ಪೋರ್ಚುಗೀಸರ ಕಾಲದಿಂದ ಬಂದ ಪದ್ಧತಿ, ನಮ್ಮ ಕರಾವಳಿಯ ಹಳೇ ಗಡಂಗಿನ ಹತ್ತಿರದ ಸಂಬಂಧಿ.

ಅಲ್ಲಿ ಏನಿದೆ ಅಂದರೆ, ಊರಿದೆ. ಮೀನು ಹಿಡಿದು ಬಂದವನು, ಶಾಲೆಯಿಂದ ನಿವೃತ್ತರಾದ ಮೇಷ್ಟ್ರು, ತೆಂಗಿನಕಾಯಿ ಕೀಳುವವನು, ಬಸ್ ಡ್ಯೂಟಿ ಮುಗಿಸಿದ ಕಂಡಕ್ಟರ್, ಎಲ್ಲರೂ ಒಂದೇ ಕೋಣೆಯಲ್ಲಿ. ಜೋರು ಹಾಡು ಇರೋದಿಲ್ಲ, ಟಿವಿಯಲ್ಲಿ ಫುಟ್‌ಬಾಲ್ ಇರಬಹುದು. ಕುಡಿಯೋದು ಕಡಿಮೆ, ಮಾತು ಜಾಸ್ತಿ. ಒಂದು ಪೆಗ್ಗಿಗೆ ಒಂದು ಗಂಟೆ ಕೂರುವವರನ್ನು ನೀವು ಹುಬ್ಬಳ್ಳಿಯ ಬಾರ್‌ಗಳಲ್ಲಿ ನೋಡಿರಲಿಕ್ಕಿಲ್ಲ.

ಎರಡು ವಿಷಯ ನೆನಪಿಡಿ. ಹಳೇ ಮಾದರಿಯ ಬಾರ್‌ಗಳು ಮಧ್ಯಾಹ್ನ ಮುಚ್ಚುತ್ತವೆ. ಊಟ ಆಯ್ತು, ನಿದ್ದೆ ಆಯ್ತು, ಮತ್ತೆ ಸಂಜೆ ಬಾಗಿಲು ತೆಗೆಯುತ್ತಾರೆ. ರಾತ್ರಿಯೂ ಬೇಗ ಮುಗಿಸುತ್ತಾರೆ. ಹಾಗಾಗಿ ಹತ್ತು ಗಂಟೆಗೆ ‘ಈಗ ಶುರು ಮಾಡೋಣ’ ಅಂತ ಹೋದರೆ ಕುರ್ಚಿ ಮೇಜಿನ ಮೇಲೆ ಏರಿರುತ್ತೆ. ಆರೂವರೆಯಿಂದ ಒಂಬತ್ತು, ಅದೇ ಒಳ್ಳೆ ಹೊತ್ತು. ಎರಡನೆಯದು, ನಾಲ್ಕು ಜನ ಒಟ್ಟಿಗೆ ನುಗ್ಗಿ ‘ಏ ಬಾಸ್, ಬಿಲ್ಲು ಎಷ್ಟಾದರೂ ಆಗಲಿ’ ಅನ್ನೋ ಧಾಟಿ ಬೇಡ. ಒಳಗೆ ಹೋದ ತಕ್ಷಣ ಕೂತವರ ಕಡೆ ನೋಡಿ ಒಂದು ಸಲ ತಲೆ ಆಡಿಸಿ. ಹಿಂದಿ ನಡೆಯುತ್ತೆ, ನಿಮಗೆ ನಾಲ್ಕು ಮಾತು ಕೊಂಕಣಿ ಬಂದರೆ ಬಲು ಚೆನ್ನ. ಕಾರವಾರ ಅಲ್ಲಿಂದ ಗಂಟೆಯ ದಾರಿ ಆಗಿರೋದರಿಂದ ಕನ್ನಡ ತಿಳಿದವರೂ ಸಿಕ್ಕೇ ಸಿಗುತ್ತಾರೆ. ಫೋಟೋ ತೆಗೆಯೋ ಮೊದಲು ಕೇಳಿ. ಕೂತವರ ಮುಖ ಹಾಕಿ ರೀಲ್ಸ್ ಮಾಡಬೇಡಿ, ಅವರು ತಮ್ಮ ಸಂಜೆ ಕಳೆಯೋಕೆ ಬಂದಿರೋದು, ನಿಮ್ಮ ರೀಲ್‌ಗೆ ಅಲ್ಲ.

ಫೆನಿ ಒಮ್ಮೆ ಕುಡಿದು ನೋಡಿದ್ದೆ, ವಾಸನೆಗೇ ಸಾಕಾಯಿತು. ಉರಾಕ್ ಅದಕ್ಕಿಂತ ಒಳ್ಳೇದು ಅಂತಾರೆ. ಎರಡಕ್ಕೂ ಏನು ವ್ಯತ್ಯಾಸ? — ದಾವಣಗೆರೆ

ಎರಡೂ ಒಂದೇ ಹಣ್ಣಿಂದ. ಗೇರು ಹಣ್ಣು ಕೊಯ್ಯೋದಿಲ್ಲ, ತಾನಾಗಿ ಬಿದ್ದದ್ದನ್ನು ಆರಿಸುತ್ತಾರೆ. ಬೀಜ ಕಿತ್ತು, ಹಣ್ಣನ್ನು ತುಳಿದೋ ಅರೆದೋ ರಸ ತೆಗೆದು, ಎರಡು-ಮೂರು ದಿನ ಹುಳಿ ಬರಲು ಬಿಟ್ಟು, ಭಟ್ಟಿ ಇಳಿಸುತ್ತಾರೆ. ಮೊದಲ ಸಲ ಇಳಿದದ್ದು ಉರಾಕ್. ಅದನ್ನು ಮತ್ತೆ ರಸದ ಜೊತೆ ಸೇರಿಸಿ ಇನ್ನೊಮ್ಮೆ ಇಳಿಸಿದರೆ ಫೆನಿ. ಉರಾಕ್‌ನಲ್ಲಿ ಮದ್ಯದ ಅಂಶ ಶೇಕಡಾ 15ರ ಆಸುಪಾಸು, ಫೆನಿಯಲ್ಲಿ 40ರ ಮೇಲೆ. ಅಂದರೆ ಫೆನಿ ನಿಮ್ಮ ವಿಸ್ಕಿ-ರಮ್ ಸಾಲಿನದು. ಅದನ್ನು ಕಳ್ಳಿನ ಥರ ಕುಡಿದವರು ಮರುದಿನ ತಲೆ ಹಿಡಿದುಕೊಂಡು ‘ಫೆನಿ ಸರಿ ಇಲ್ಲ’ ಅಂತಾರೆ.

ಉರಾಕ್ ಕುಡಿಯುವ ರೀತಿ ಸುಲಭ. ಉದ್ದ ಗ್ಲಾಸು, ಐಸು, ಲಿಮ್ಕಾ, ಅರ್ಧ ನಿಂಬೆ, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸು. ಬೇಸಿಗೆಯಲ್ಲಿ ಇದಕ್ಕೆ ಸಮ ಇಲ್ಲ. ಆದರೆ ಬೇಸಿಗೆಯಲ್ಲೇ. ಗೇರು ಹಣ್ಣಾಗುವ ಫೆಬ್ರವರಿ-ಮಾರ್ಚ್‌ನಿಂದ ಮೇವರೆಗೆ ಅದರ ಕಾಲ, ಜಾಸ್ತಿ ದಿನ ಇಟ್ಟರೆ ರುಚಿ ಕೆಡುತ್ತೆ. ಡಿಸೆಂಬರ್‌ನಲ್ಲಿ ಯಾರಾದರೂ ‘ಫ್ರೆಶ್ ಉರಾಕ್’ ಅಂದರೆ ನಕ್ಕು ಬಿಯರ್ ತಗೊಳ್ಳಿ.

ವಾಸನೆಯ ವಿಷಯ. ಅದು ಹಣ್ಣಿನದೇ ವಾಸನೆ, ಗೇರುಗುಡ್ಡದ ಪಕ್ಕ ಬೆಳೆದವರಿಗೆ ಮೂಗಿಗೆ ಬಡಿಯೋದೇ ಇಲ್ಲ. ನಿಮಗೆ ಆಗದಿದ್ದರೆ ತೆಂಗಿನ ಕಳ್ಳಿನಿಂದ ಮಾಡುವ ಫೆನಿ ಕೇಳಿ ನೋಡಿ. ದಕ್ಷಿಣ ಗೋವಾದಲ್ಲಿ ಅದರ ಬಳಕೆ ಹೆಚ್ಚು, ವಾಸನೆ ಸೌಮ್ಯ. ಅದೂ ಆಗಲಿಲ್ಲ ಅಂದರೆ ಬಿಟ್ಟುಬಿಡಿ, ಯಾರೂ ಬಲವಂತ ಮಾಡಿಲ್ಲ.

ನಮ್ಮ ಬೇಣದಲ್ಲಿ ಪ್ರತಿ ವರ್ಷ ರಾಶಿ ಗೇರು ಹಣ್ಣು ಕೊಳೆತು ಹೋಗುತ್ತೆ. ಗಡಿ ದಾಟಿದರೆ ಅದೇ ಹಣ್ಣು ಫೆನಿ ಆಗಿ ದುಡ್ಡು ತರುತ್ತೆ. ನಾವೇಕೆ ಮಾಡಬಾರದು? — ಕುಮಟಾ

ಈ ಪತ್ರ ಓದಿ ನನಗೂ ಹೊಟ್ಟೆ ಉರಿಯಿತು, ಯಾಕಂದರೆ ಮಾತು ನಿಜ. ಗೇರನ್ನು ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದದ್ದು, ಅಲ್ಲಿಂದ ಅದು ಇಡೀ ಕರಾವಳಿಗೆ ಹಬ್ಬಿತು. ಮರ ಗಡಿ ನೋಡಿ ಬೆಳೆಯಲಿಲ್ಲ, ಕಾನೂನು ಮಾತ್ರ ಗಡಿ ನೋಡಿತು. ಗೋವಾದಲ್ಲಿ ಭಟ್ಟಿ ಇಳಿಸುವವರಿಗೆ ಅಬಕಾರಿ ಲೈಸೆನ್ಸ್ ಕೊಡುತ್ತಾರೆ. ಕಾಜು ಫೆನಿಗೆ 2009ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಅಂದರೆ ಆ ಹೆಸರು ಆ ಊರಿನ ಮಾಲಿಗೆ ಮಾತ್ರ ಅನ್ನೋ ಮಾನ್ಯತೆ, ಉಡುಪಿಯ ಮಟ್ಟುಗುಳ್ಳ ಬದನೆಗೆ ಸಿಕ್ಕಿದ್ದೇ. 2016ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ಮದ್ಯ ಅಂತಲೂ ಘೋಷಿಸಿತು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿಯೇ ಬಂದ್. ಮನೆ ಹಿತ್ತಲಲ್ಲಿ ಮಡಕೆ ಇಟ್ಟು ಇಳಿಸಿದರೆ ಅದು ಕಳ್ಳಭಟ್ಟಿ, ಸೀದಾ ಕೇಸು. ನಾಳೆ ಕಾನೂನು ಬದಲಾಗಿ ಕುಮಟಾದಲ್ಲಿ ಮಾಡಿದರೂ ಅದನ್ನು ಫೆನಿ ಅಂತ ಮಾರುವಂತಿಲ್ಲ, ಬೇರೆ ಹೆಸರು ಹುಡುಕಬೇಕು. ಸದ್ಯಕ್ಕೆ ಹಣ್ಣಿನ ರಸ, ಜಾಮ್, ಸಿರಪ್ ಇವೇ ದಾರಿ. ಪುತ್ತೂರಿನಲ್ಲಿ ಕೇಂದ್ರದ ಗೇರು ಸಂಶೋಧನಾ ನಿರ್ದೇಶನಾಲಯ ಇದೆ, ಗೇರು ಹಣ್ಣಿನ ಬಳಕೆಯ ಮೇಲೂ ಅವರು ಕೆಲಸ ಮಾಡಿದ್ದಾರೆ, ಒಮ್ಮೆ ಹೋಗಿ ಕೇಳಿ.

ನಾವು ಮೂರು ಜನ ಹುಡುಗೀರು, ಎಲ್ಲರೂ ಇಪ್ಪತ್ತೈದು ದಾಟಿದವರು. ಊರಿನ ಬಾರ್‌ನಲ್ಲಿ ಕೂತರೆ ನೋಡೋ ನೋಟ ಹೇಗಿರುತ್ತೆ? ನಿಜ ಹೇಳಿ, ಸಮಾಧಾನ ಬೇಡ. — ಬೆಂಗಳೂರು

ನಿಜ ಹೇಳ್ತೀನಿ. ತಾವೆರ್ನದ ಒಳಗೆ ಸಂಜೆ ಹೊತ್ತು ಹೆಚ್ಚಾಗಿ ಗಂಡಸರೇ. ಗಲ್ಲಾದಲ್ಲಿ ಕೂತಿರೋದು ಮಾತ್ರ ಎಷ್ಟೋ ಕಡೆ ಮನೆಯ ಹೆಂಗಸೇ, ಅವರ ಎದುರು ಯಾರೂ ಬಾಲ ಬಿಚ್ಚೋದಿಲ್ಲ. ಅಂಥ ಕಡೆ ನೀವು ಆರಾಮಾಗಿ ಕೂರಬಹುದು. ಮೊದಲ ಐದು ನಿಮಿಷ ನೋಡುತ್ತಾರೆ, ಆಮೇಲೆ ತಮ್ಮ ಫುಟ್‌ಬಾಲ್‌ಗೆ ಹೋಗುತ್ತಾರೆ. ಬರೀ ಗಂಡಸರ ಗುಂಪು, ಜೋರು ಗಲಾಟೆ, ಕತ್ತಲೆ ಕತ್ತಲೆ ಕೋಣೆ ಕಂಡರೆ ಒಳಗೆ ಹೋಗೋದೇ ಬೇಡ. ಧೈರ್ಯ ತೋರಿಸೋಕೆ ಅದು ಜಾಗ ಅಲ್ಲ.

ನನ್ನ ಸಲಹೆ ‘ಬಾರ್ ಅಂಡ್ ರೆಸ್ಟೋರೆಂಟ್’ ಅಂತ ಬರೆದಿರುವ ಮನೆತನದ ಹೋಟೆಲು. ಚಾವಡಿಯಲ್ಲಿ, ಹತ್ತಿರದ ಬೀಚುಗಳಾದ ಪಟ್ನೆಂ ಕಡೆ, ಅಗೋಂದದಲ್ಲಿ ಇಂಥವು ಬೇಕಾದಷ್ಟಿವೆ. ಊರಿನ ಸಂಸಾರಗಳೇ ಮಕ್ಕಳನ್ನು ಕರಕೊಂಡು ಊಟಕ್ಕೆ ಬಂದಿರುತ್ತಾರೆ. ಅಪ್ಪ ಬಿಯರು, ಅಜ್ಜಿ ಸಣ್ಣ ಗ್ಲಾಸಿನಲ್ಲಿ ವೈನು, ಮಕ್ಕಳು ಚಿಪ್ಸು. ಅಲ್ಲಿ ನಿಮ್ಮನ್ನು ಯಾರೂ ತಿರುಗಿ ನೋಡೋದಿಲ್ಲ.

ಇನ್ನು ಎಚ್ಚರಿಕೆಗಳು ನಿಮಗೆ ಗೊತ್ತಿರೋವೇ. ಗ್ಲಾಸು ಬಿಟ್ಟು ಎದ್ದು ಹೋಗಬೇಡಿ, ಅಪರಿಚಿತರು ಕೊಡಿಸಿದ್ದನ್ನು ಬಾಟಲಿ ನಿಮ್ಮೆದುರು ತೆರೆದರೆ ಮಾತ್ರ ಮುಟ್ಟಿ, ವಾಪಸ್ ಹೋಗುವ ಗಾಡಿ ಮೊದಲೇ ಗೊತ್ತು ಮಾಡಿ. ರಾತ್ರಿ ಬೀಚ್ ದಾರಿಯಲ್ಲಿ ಯಾರಾದರೂ ಪಕ್ಕ ಬಂದು ‘ಏನಾದರೂ ಬೇಕಾ’ ಅಂತ ಪಿಸುಗುಟ್ಟಿದರೆ ಮಾತೇ ಆಡದೆ ಮುಂದೆ ನಡೆಯಿರಿ. ಅದು ಗಾಂಜಾ ಇಲ್ಲಾ ಅದರಪ್ಪ, ಹತ್ತಿರ ಇದ್ದರೇ ಜೈಲು. ತೊಂದರೆ ಆದರೆ 112.

ಅಂದಹಾಗೆ ನಿಮ್ಮ ಪತ್ರದ ಕೊನೆಯಲ್ಲಿ ‘ಅಮ್ಮನಿಗೆ ಏನು ಹೇಳೋದು’ ಅಂತ ಕೇಳಿದ್ದೀರಿ. ಅದು ನನ್ನ ಅಂಕಣದ ವ್ಯಾಪ್ತಿಗೆ ಬರೋದಿಲ್ಲ.

ಸಂಜೆ ಹೋಗಿ ಕುಡಿದು, ಊಟ ಮಾಡಿ, ರಾತ್ರಿ ಕಾರಲ್ಲಿ ವಾಪಸ್ ಬಂದರೆ ರೂಮಿನ ಖರ್ಚು ಉಳಿಯುತ್ತಲ್ಲ? ಬರುವಾಗ ಎರಡು ಬಾಟಲಿ ತಂದರೆ ತಪ್ಪೇನು? — ಅಂಕೋಲಾ

ಒಂದೇ ಪ್ರಶ್ನೆಯಲ್ಲಿ ಎರಡು ಕೇಸು ಹಾಕಿಸಿಕೊಳ್ಳುವ ಪ್ಲಾನ್ ಮಾಡಿದ್ದೀರಿ.

ಮೊದಲು ಕಾರು. ನೂರು ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ, ಅದು ದೇಶಕ್ಕೆಲ್ಲಾ ಇರುವ ಮಿತಿ. ದಾಟಿ ಸಿಕ್ಕಿಬಿದ್ದರೆ ಮೊದಲ ಸಲ 10 ಸಾವಿರದವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ 15 ಸಾವಿರ, ಎರಡು ವರ್ಷ. ‘ಎರಡೇ ಬಿಯರು’ ಅನ್ನೋ ಲೆಕ್ಕ ಊದುವ ಯಂತ್ರಕ್ಕೆ ಅರ್ಥ ಆಗೋದಿಲ್ಲ. ದಂಡ ಬಿಡಿ, ಕಾಣಕೋಣದಿಂದ ಗಡಿಯ ಪೊಳೆಂವರೆಗಿನ ಹೆದ್ದಾರಿ ಗುಡ್ಡದ ತಿರುವಿನದು, ಎದುರಿಗೆ ರಾತ್ರಿಯಿಡೀ ಲಾರಿ. ಕುಡಿಯದ ಒಬ್ಬ ಡ್ರೈವರ್ ಜೊತೆಗಿದ್ದರೆ ಮಾತ್ರ ಹೋಗಿ ಬನ್ನಿ. ಇಲ್ಲದಿದ್ದರೆ ರೂಮ್ ಮಾಡಿ.

ಅಲ್ಲಿ ಓಡಾಟಕ್ಕೆ ಓಲಾ, ಊಬರ್ ಇಲ್ಲ. ಟ್ಯಾಕ್ಸಿ ಸ್ಟ್ಯಾಂಡಿನವರ ಹತ್ತಿರ ಸಂಜೆಯೇ ರೇಟು ಮಾತಾಡಿ ನಂಬರ್ ಇಟ್ಟುಕೊಳ್ಳಿ. ರಿಕ್ಷಾ ಇವೆ. ‘ಪೈಲಟ್’ ಅಂತ ಕರೆಯುವ ಬೈಕ್ ಟ್ಯಾಕ್ಸಿಗಳೂ ಗೋವಾದಲ್ಲಿ ಹಳೇ ಕಾಲದಿಂದ ಇವೆ, ಹಿಂದೆ ಕೂತು ಹೋಗೋದಷ್ಟೇ, ಆದರೆ ರಾತ್ರಿ ತಡವಾದರೆ ಸಿಗೋದು ಕಷ್ಟ. ಬಸ್ಸನ್ನು ರಾತ್ರಿ ಊಟದ ಹೊತ್ತಿಗೆ ನಂಬಬೇಡಿ. ಸ್ಕೂಟರ್ ಬಾಡಿಗೆಗೆ ತಗೊಂಡರೆ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟಿನದು ಯಾರದೋ ಮನೆ ಗಾಡಿ, ಪೊಲೀಸರು ಹಿಡಿದರೆ ತಾಪತ್ರಯ ನಿಮ್ಮದೇ.

ಈಗ ಬಾಟಲಿ. ಗೋವಾದಲ್ಲಿ ಅಬಕಾರಿ ಸುಂಕ ಕಡಿಮೆ, ನಮ್ಮಲ್ಲಿ ಜಾಸ್ತಿ, ಬೆಲೆಯ ವ್ಯತ್ಯಾಸ ಬರೋದು ಅಲ್ಲಿಂದ. ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಅಂತ ಬಾಟಲಿ ಮೇಲೇ ಅಚ್ಚಾಗಿರುತ್ತೆ. ಅದನ್ನು ಇಲ್ಲಿ ಇಟ್ಟುಕೊಂಡರೆ ಕರ್ನಾಟಕಕ್ಕೆ ಸುಂಕ ಕಟ್ಟದ ಮದ್ಯ ಅಂತಲೇ ಲೆಕ್ಕ. ಗಡಿಯಲ್ಲಿರುವ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆಗೆಸುತ್ತಾರೆ, ಬಸ್ಸಿನಲ್ಲಿ ಬ್ಯಾಗನ್ನೂ ನೋಡುತ್ತಾರೆ. ಸಿಕ್ಕರೆ ಬಾಟಲಿ ಹೋಗೋದು ಸಣ್ಣ ವಿಷಯ, ಗಾಡಿಯನ್ನೂ ಜಪ್ತಿ ಮಾಡಬಹುದು. ನಾಲ್ಕುನೂರು ರೂಪಾಯಿ ಉಳಿಸೋಕೆ ಹೋಗಿ ಕಾರು ಬಿಡಿಸೋಕೆ ಕಾರವಾರದ ಕೋರ್ಟಿಗೆ ಅಲೆದವರ ಕಥೆ ಅಂಕೋಲಾದವರಿಗೆ ನಾನು ಹೇಳಬೇಕಾ? ಅಲ್ಲೇ ಕುಡಿಯಿರಿ, ಅಲ್ಲೇ ಬಿಡಿ.

ಬೀಚಿನ ಒಂದು ಶ್ಯಾಕ್‌ನಲ್ಲಿ ಮೀನು ತೋರಿಸಿ ‘ಫ್ರೆಶ್ ಸರ್’ ಅಂದರು, ಬಿಲ್ಲು ಬಂದಾಗ ತಲೆ ತಿರುಗಿತು. ಸರ್ವೀಸ್ ಚಾರ್ಜ್ ಬೇರೆ. ಇದಕ್ಕೆ ಏನು ಮಾಡೋದು? — ಮೈಸೂರು

ತಟ್ಟೆಯಲ್ಲಿ ಮೀನು ತಂದು ತೋರಿಸಿದಾಗ ನೀವು ಕೇಳಬೇಕಾದ್ದು ಒಂದೇ. ಇದು ಇಡೀ ಮೀನಿಗಾ, ಕಿಲೋಗಾ, ನೂರು ಗ್ರಾಂಗಾ? ತೂಕ ನಿಮ್ಮೆದುರು ಹಾಕಿಸಿ, ಒಟ್ಟು ಎಷ್ಟಾಗುತ್ತೆ ಅಂತ ಬಾಯಲ್ಲಿ ಹೇಳಿಸಿ, ಆಮೇಲೆ ‘ಹೂಂ’ ಅನ್ನಿ. ಇಸೋಣ (ಅಂಜಲ್), ಪಾಂಪ್ಲೆಟ್, ದೊಡ್ಡ ಸಿಗಡಿಯ ರೇಟು ದಿನಾ ಬದಲಾಗುತ್ತೆ, ಮೆನುವಿನಲ್ಲಿ ಹಾಕಿರೋದಿಲ್ಲ. ಮೋಸ ಆಗೋದು ಹೆಚ್ಚಾಗಿ ಅಲ್ಲೇ.

ಸರ್ವೀಸ್ ಚಾರ್ಜ್ ಕೊಡಲೇಬೇಕು ಅಂತ ಇಲ್ಲ. ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ನಗುತ್ತಾ ‘ಇದು ತೆಗೀರಿ’ ಅನ್ನಿ, ಹೆಚ್ಚಿನ ಕಡೆ ತೆಗೆಯುತ್ತಾರೆ. ಇಲ್ಲಾಂದರೆ ಗ್ರಾಹಕ ಸಹಾಯವಾಣಿ 1915. ಇನ್ನೊಂದು ವಿಷಯ ಯಾರೂ ನೋಡೋದಿಲ್ಲ. ಕುಡಿಯುವ ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಊಟದ ಮೇಲೆ ಮಾತ್ರ ಇದೆ. ಬಿಯರನ್ನೂ ಸೇರಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ್ದರೆ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿ.

ಊರಿನ ಬಾರ್‌ನಲ್ಲಿ ಈ ಗೋಳಿಲ್ಲ. ಅಲ್ಲಿ ಬಂಗುಡೆ ರವಾ ಫ್ರೈ, ಬಳಚಿನ (ಚಿಪ್ಪುಮೀನಿನ) ಸುಕ್ಕ, ಚೊರೀಸ್ ಪಾವ್ (ಗೋವಾದ ಹಂದಿ ಸಾಸೇಜ್ ತುಂಬಿದ ಪಾವು), ಇಲ್ಲಾ ಸುಮ್ನೆ ಬೇಯಿಸಿದ ಕಡಲೆ ಇರುತ್ತೆ. ಏನಿಲ್ಲ ಅಂದರೂ ಸಂಜೆ ರಸ್ತೆ ಬದಿ ಗಾಡಿಯಲ್ಲಿ ರಸ್ ಆಮ್ಲೆಟ್ ಸಿಗುತ್ತೆ. ಆಮ್ಲೆಟ್ ಮೇಲೆ ಬಿಸಿಬಿಸಿ ತೆಂಗಿನಕಾಯಿ ಮಸಾಲೆಯ ಕೋಳಿ ಶಾಕುತಿ ರಸ, ಮೇಲೆ ಹೆಚ್ಚಿದ ಈರುಳ್ಳಿ, ಪಕ್ಕದಲ್ಲಿ ಪಾವು. ಇದನ್ನು ತಿನ್ನದೆ ಮೈಸೂರಿಗೆ ವಾಪಸ್ ಬಂದಿದ್ದರೆ ಬಿಲ್ಲಿಗಿಂತ ದೊಡ್ಡ ನಷ್ಟ ಅದೇ.

ಜೂನ್‌ನಲ್ಲಿ ಹೋದರೆ ಏನಾದರೂ ಇರುತ್ತಾ? — ಉಡುಪಿ

ಬೀಚಿನ ಮೇಲೆ ಏನೂ ಇರೋದಿಲ್ಲ. ಶ್ಯಾಕ್, ಗುಡಿಸಲು ಎಲ್ಲಾ ಮಳೆಗೆ ಮೊದಲು ಬಿಚ್ಚಿ ಇಡುತ್ತಾರೆ, ಮತ್ತೆ ಕಟ್ಟೋದು ಅಕ್ಟೋಬರ್ ಹೊತ್ತಿಗೆ. ಸಮುದ್ರಕ್ಕೆ ಇಳಿಯುವಂತಿಲ್ಲ. ಆದರೆ ಊರಿನ ಬಾರ್ ತೆರೆದೇ ಇರುತ್ತೆ, ಹೊರಗೆ ಮಳೆ, ಒಳಗೆ ಊರಿನವರು ಮಾತ್ರ. ನನ್ನ ಕೇಳಿದರೆ ಅದೇ ಒಳ್ಳೆ ಕಾಲ. ಮೀನುಗಾರಿಕೆ ನಿಷೇಧ ಇರುವುದರಿಂದ ಒಣಮೀನಿನ ಕಿಸ್ಮೂರ್ ಕೇಳಿ. ಜೂನ್ 24 ಗೋವಾದ ಕ್ರೈಸ್ತರ ಸಾವ್ ಜುವಾಂವ್ ಹಬ್ಬ. ತಲೆಗೆ ಹೂಬಳ್ಳಿಯ ಕಿರೀಟ ಕಟ್ಟಿಕೊಂಡು ಬಾವಿ, ಕೆರೆಗೆ ಹಾರುತ್ತಾರೆ. ನೋಡಿ, ಹಾರಬೇಡಿ.

ಗುಂಪಿನಲ್ಲಿ ನಾನೊಬ್ಬನೇ ಕುಡಿಯದವನು. ಬಾರ್‌ನಲ್ಲಿ ಕೂತರೆ ಎಲ್ಲರೂ ಚುಡಾಯಿಸುತ್ತಾರೆ. ರಾತ್ರಿ ಅವರು ನೀರಿಗೆ ಬೇರೆ ಇಳಿಯುತ್ತಾರೆ. — ತುಮಕೂರು

ಚುಡಾಯಿಸೋದು ನಿಮ್ಮ ಗೆಳೆಯರು, ಊರಿನ ಬಾರ್‌ನವರಲ್ಲ. ನಿಂಬೆ ಸೋಡಾ ಇಲ್ಲಾ ಕೋಕಮ್ (ಪುನರ್ಪುಳಿ) ಶರಬತ್ತು ತಗೊಂಡು ಗಂಟೆಗಟ್ಟಲೆ ಕೂತರೂ ಅಲ್ಲಿ ಯಾರೂ ಕೇಳೋದಿಲ್ಲ. ಕಾರಿನ ಕೀ ನಿಮ್ಮ ಜೇಬಿನಲ್ಲಿರಲಿ, ಆಗ ಚುಡಾಯಿಸೋದೂ ನಿಲ್ಲುತ್ತೆ.

ನೀರಿನ ವಿಷಯ ಮಾತ್ರ ತಮಾಷೆ ಅಲ್ಲ. ಪಾಲೋಲೆಂ ಕೊಲ್ಲಿಯ ಆಕಾರದ ಬೀಚು, ಅಲೆ ಶಾಂತ, ಅದಕ್ಕೇ ಜನ ಮೋಸ ಹೋಗೋದು. ಜೀವರಕ್ಷಕರು ಕತ್ತಲಾದ ಮೇಲೆ ಗೋಪುರದಲ್ಲಿ ಇರೋದಿಲ್ಲ. ಕುಡಿದವನಿಗೆ ಆಳ ತಿಳಿಯೋದಿಲ್ಲ, ಸುಸ್ತಾಗಿದ್ದೂ ತಿಳಿಯೋದಿಲ್ಲ. ಊಟ ಆದ ಮೇಲೆ ಅವರನ್ನು ಬೀಚ್ ಕಡೆ ಬಿಡದೆ ಸೀದಾ ರೂಮಿಗೆ ಕರೆದುಕೊಂಡು ಹೋಗಿ. ಬಾಟಲಿ ಹಿಡಿದು ಮರಳಿನ ಮೇಲೆ ಕೂರೋದಕ್ಕೂ ಗೋವಾದಲ್ಲಿ ದಂಡ ಇದೆ, ಸಾವಿರಗಳ ಲೆಕ್ಕದಲ್ಲಿ. ಬಾಟಲಿ ಒಡೆದು ಬಿಡುವವರಿಗೆ ಇನ್ನೂ ಜಾಸ್ತಿ ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ. ಕುಣಿಯಲೇಬೇಕು ಅನ್ನುವವರಿಗೆ ಪಾಲೋಲೆಂನಲ್ಲಿ ಹೆಡ್‌ಫೋನ್ ಪಾರ್ಟಿಗಳು ನಡೆಯುತ್ತವೆ. ಹತ್ತರ ಮೇಲೆ ಮೈಕ್ ಹಾಕುವಂತಿಲ್ಲ ಅಂತ ಕಾನೂನು ಇರೋದಕ್ಕೆ ಹುಡುಕಿಕೊಂಡ ಉಪಾಯ. ಹೊರಗಿನಿಂದ ನೋಡಿದರೆ ನೂರಾರು ಜನ ಸದ್ದಿಲ್ಲದೆ ಕುಣಿಯುತ್ತಿರುತ್ತಾರೆ, ಕುಡಿಯದ ನಿಮಗೆ ಅದೇ ದೊಡ್ಡ ಮನರಂಜನೆ.

ಅಪ್ಪ ನಿವೃತ್ತರಾಗಿದ್ದಾರೆ. ಸಂಜೆ ಒಂದು ಪೆಗ್ ತಗೊಳ್ತಾರೆ ಅಂತ ನನಗೆ ಗೊತ್ತು, ನಾನೂ ತಗೊಳ್ತೀನಿ ಅಂತ ಅವರಿಗೆ ಗೊತ್ತು. ಇಬ್ಬರೂ ಮಾತಾಡಿಲ್ಲ. ಅವರನ್ನು ಇಂಥ ಕಡೆ ಕರೆದುಕೊಂಡು ಹೋಗಬಹುದಾ? — ಶಿವಮೊಗ್ಗ

ಖಂಡಿತ ಹೋಗಿ. ಶ್ಯಾಕ್‌ಗೆ ಬೇಡ. ಅಲ್ಲಿಯ ಹಾಡಿಗೆ ಅವರು ಹತ್ತು ನಿಮಿಷಕ್ಕೆ ಏಳುತ್ತಾರೆ. ಊರಿನ ಬಾರ್‌ಗೇ ಕರೆದುಕೊಂಡು ಹೋಗಿ, ಅವರ ವಯಸ್ಸಿನವರೇ ನಾಲ್ಕು ಜನ ಕೂತಿರುತ್ತಾರೆ. ಭಾಷೆ ಬರದಿದ್ದರೂ ಮಳೆ, ತೆಂಗು, ಮೀನಿನ ರೇಟು ಅಂತ ಮಾತು ಶುರುವಾಗುತ್ತೆ. ‘ಅಪ್ಪಾ, ಏನು ತಗೊಳ್ತೀರಾ’ ಅಂತ ಮೆನು ಅವರ ಕೈಗೆ ಕೊಟ್ಟು ನೀವು ಗೋಡೆ ಕಡೆ ನೋಡಿ. ಮೊದಲು ಲಿಮ್ಕಾ ಅನ್ನಬಹುದು. ನೀವು ನಿಮಗೊಂದು ಬಿಯರ್ ಹೇಳಿ, ಎರಡು ಗ್ಲಾಸ್ ತರಿಸಿ, ಒಂದನ್ನು ಅವರ ಕಡೆ ಸರಿಸಿ ಸುಮ್ಮನಿರಿ. ಬಲವಂತ ಬೇಡ, ಭಾಷಣವಂತೂ ಬೇಡವೇ ಬೇಡ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ತಿದ್ದರೆ ಹೊರಡುವ ಮೊದಲು ಡಾಕ್ಟರ್‌ಗೆ ಒಂದು ಮಾತು ಕೇಳಿ. ಸಕ್ಕರೆ ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಶುಗರ್ ಒಮ್ಮೆಗೇ ಇಳಿಯಬಹುದು. ಹಾಗಾಗಿ ಮೀನು ಮೊದಲು ಬರಲಿ, ಗ್ಲಾಸು ಆಮೇಲೆ. ಬಿಲ್ಲು ಬಂದಾಗ ಜಗಳ ಆಗುತ್ತೆ, ಅವರೇ ಕೊಡ್ತೀನಿ ಅಂತಾರೆ. ಕೊಡಲಿ ಬಿಡಿ.